ಕಾಲೂರದೆ ಘಾಟಿ

ಜೀವಮಾನವಿಡೀ ಬಸ್ಸು ಹತ್ತಿಸಿದ ಘಾಟಿಯನ್ನು ನಿವೃತ್ತಿಯಾದ ಮೇಲೆ ಡ್ರೈವರು ಸೈಕಲ್ಲಿನಲ್ಲಿ ಹತ್ತಲು ಹೊರಟಿದ್ದಕ್ಕೆ ಕಾರಣ ಆರೋಗ್ಯವೂ ಅಲ್ಲ, ಪ್ರಕೃತಿ ಪ್ರೇಮವೂ ಅಲ್ಲ. ಬೀಗರು. ಮಗಳನ್ನು ಕೊಟ್ಟ ಮನೆಯ ಯಜಮಾನರು, ಘಾಟಿಯ ಕೆಳಗೆ ಪಕ್ಕದ ಊರಿನಲ್ಲಿ ಬೇಕರಿ ಇಟ್ಟವರು, ಬೇಕರಿಯ ಜೊತೆಗೇ ದೊಡ್ಡದೊಂದು ಹೊಟ್ಟೆಯನ್ನೂ ಇಟ್ಟವರು.

ಘಾಟಿಯ ಆಚೆ ಮಗಳು, ಅಳಿಯ, ಮೊಮ್ಮಗಳು ಇದ್ದರು. ಮಗುವಿಗೆ ನಾಳೆಯಿಂದ ರಜೆ. ರಜೆಗೆ ಯಾವ ತಾತನ ಮನೆ ಎಂದು ಫೋನಿನಲ್ಲಿ ಶುರುವಾದ ಜಗಳ ಬಗೆಹರಿಯದೆ, ಮಗಳು ಕೊನೆಗೆ, "ಇಬ್ಬರೂ ದೊಡ್ಡವರು, ನೀವೇ ತೀರ್ಮಾನ ಮಾಡ್ಕೊಂಡು ಬನ್ನಿ" ಎಂದು ಫೋನ್ ಇಟ್ಟಿದ್ದಳು. ದೊಡ್ಡವರ ತೀರ್ಮಾನ ನೋಡಿ: ಇಬ್ಬರೂ ಸೈಕಲ್ಲಿನಲ್ಲಿ ಘಾಟಿ ಹತ್ತುವುದು, ನೆತ್ತಿ ಮುಟ್ಟುವ ಮೊದಲು ಯಾರು ನೆಲಕ್ಕೆ ಕಾಲೂರುತ್ತಾರೋ ಅವರಿಗೆ ಮಗು ಇಲ್ಲ. ಬುದ್ಧಿ ನೆಟ್ಟಗಿದ್ದವರು ಚೀಟಿ ಎತ್ತುತ್ತಿದ್ದರು.

ಆದರೆ ಡ್ರೈವರಿಗೆ ಇದು ಹುಡುಗಾಟವಾಗಿರಲಿಲ್ಲ. ಮಗಳು ಅಂಬೆಗಾಲಿಟ್ಟಿದ್ದು, ನಡೆದದ್ದು, ಮೊದಲ ಹಲ್ಲು ಬಿದ್ದದ್ದು, ಒಂದನ್ನೂ ಅವರು ಕಣ್ಣಾರೆ ಕಂಡಿರಲಿಲ್ಲ. ಡ್ಯೂಟಿಗೆ ಹೊರಡುವಾಗಲೂ ಅವಳು ಮಲಗಿರುತ್ತಿದ್ದಳು, ವಾಪಸು ಬಂದಾಗಲೂ ಮಲಗಿರುತ್ತಿದ್ದಳು. ಊರವರ ಮಕ್ಕಳನ್ನೆಲ್ಲ ಶಾಲೆ ಮುಟ್ಟಿಸಿದ ಮನುಷ್ಯ ತನ್ನ ಮಗಳು ಎಷ್ಟನೇ ಕ್ಲಾಸು ಎಂದು ಹೆಂಡತಿಯನ್ನು ಕೇಳಬೇಕಾಗುತ್ತಿತ್ತು. ಮೊಮ್ಮಗಳ ಜೊತೆಗಾದರೂ ಒಂದು ರಜೆ ಕಳೆಯಲೇಬೇಕೆಂದು ಅವರು ಪಟ್ಟು ಹಿಡಿದಿದ್ದರು. ಬೀಗರಿಗೇನು, ಹೋದ ರಜೆಯೂ ಅವರದೇ, ಅದರ ಹಿಂದಿನದೂ ಅವರದೇ. ಕ್ರೀಮ್ ಬನ್ ತೋರಿಸಿ ಮಗುವನ್ನು ಬುಟ್ಟಿಗೆ ಹಾಕಿಕೊಂಡಿದ್ದರು.

"ಈ ರಸ್ತೆ ನಂಗೆ ನಿದ್ದೇಲೂ ಗೊತ್ತು ಬೀಗರೇ," ಎಂದರು ಡ್ರೈವರು, ಮೊದಲ ತಿರುವಿನಲ್ಲೇ ಜಂಬವಾಗಿ. "ಆ ದೊಡ್ಡ ಬಂಡೆ ದಾಟಿದ್ರೆ ಮುಗೀತು. ಆಮೇಲೆ ಸಮತಟ್ಟು."

ಬೆವರು ಹರಿಸಿ, ಹಲ್ಲು ಕಚ್ಚಿ, ಬಂಡೆ ದಾಟಿದರು. ಸಮತಟ್ಟು ಎಲ್ಲೂ ಕಾಣಲಿಲ್ಲ. ರಸ್ತೆ ಗೋಡೆಗೆ ಒರಗಿಸಿದ ಏಣಿಯ ಹಾಗೆ ನಿಂತಿತ್ತು.

"ಎಲ್ಲಿ ರೀ ನಿಮ್ಮ ಸಮತಟ್ಟು?" ಬೀಗರು ಏದುಸಿರು ಬಿಟ್ಟರು.

"ಇಲ್ಲೇ ಇತ್ತು..."

"ಯಾರಾದ್ರೂ ಮಡಚಿ ಎತ್ಕೊಂಡು ಹೋದ್ರಾ?"

ಬಸ್ಸಿನಲ್ಲಿ ಇಲ್ಲಿಗೆ ಬಂದರೆ ಡ್ರೈವರು ಗೇರು ಬದಲಿಸಿ ಹಾಡು ಗುನುಗುತ್ತಿದ್ದರು. ಅಷ್ಟು ವರ್ಷ ಘಾಟಿ ಹತ್ತಿದ್ದು ತಾವಲ್ಲ, ಇಂಜಿನ್ನು ಎಂಬ ಸತ್ಯ ಅವರ ತೊಡೆಗಳಿಗೆ ಈಗ ಅರ್ಥವಾಯಿತು. ಯಾವ ಪುಣ್ಯಾತ್ಮ ಈ ರಸ್ತೆ ಹಾಕಿಸಿದನೋ ಅವನ ವಂಶಕ್ಕೆಲ್ಲ ಮನಸ್ಸಿನಲ್ಲೇ ಸಹಸ್ರನಾಮಾರ್ಚನೆ ಮಾಡಿದರು. ಕ್ಯಾರಿಯರಿನ ಚೀಲ ಹಿಂದಕ್ಕೆ ಜಗ್ಗುತ್ತಿತ್ತು, ಮೊಣಕಾಲು ಕಟಕಟ ಎನ್ನುತ್ತಿತ್ತು. ಆದರೂ ಕಾಲೂರಲಿಲ್ಲ.

ಕೊನೆಯ ತಿರುವು ಬಂತು. ಬೀಗರ ಮುಂಚಕ್ರ ಕುಡಿದವರ ಹಾಗೆ ತೂರಾಡುತ್ತಿತ್ತು. ಇನ್ನೇನು ಬಿದ್ದರು, ಮಗು ನಂದೇ ಎಂದು ಡ್ರೈವರು ಒಳಗೊಳಗೇ ಹಿಗ್ಗಿದರು. ಅಷ್ಟರಲ್ಲಿ ಹಿಂದಿನಿಂದ ಬಸ್ಸಿನ ಸದ್ದು ಬಂತು.

ತಿರುಗಿ ನೋಡುವ ಅಗತ್ಯವೇ ಇರಲಿಲ್ಲ, ಕಿವಿಗೇ ಎಲ್ಲ ತಿಳಿಯಿತು. ಬಸ್ಸು ತುಂಬಿದೆ, ಇಂಜಿನ್ನು ಸೋಲುತ್ತಿದೆ, ಓಡಿಸುತ್ತಿರುವವನು ಹೊಸಬ. ಇದೇ ಹೊತ್ತಿಗೆ ಮೇಲಿನಿಂದ ಒಂದು ಲಾರಿ ತಿರುವಿಗೆ ಮೂಗು ತೂರಿಸಿತು. ಈ ತಿರುವಿನಲ್ಲಿ ತುಂಬಿದ ಬಸ್ಸು ಒಮ್ಮೆ ನಿಂತರೆ ಮತ್ತೆ ಮುಂದಕ್ಕೆ ಏಳುವುದಿಲ್ಲ, ಹಿಂದಕ್ಕೆ ಜಾರುತ್ತದೆ. ಹಿಂದೆ ಇರುವುದು ಪ್ರಪಾತ.

ಡ್ರೈವರು ಸೈಕಲ್ಲನ್ನು ಚರಂಡಿಗೆ ಎಸೆದು ರಸ್ತೆಯ ನಡುವೆ ನಿಂತರು.

"ಲೇ ಲಾರಿ! ನಿಲ್ಸೋ! ಮೇಲೆ ಹತ್ತೋ ಗಾಡಿಗೆ ದಾರಿ ಬಿಡಬೇಕು ಅಂತ ಗೊತ್ತಿಲ್ವೇನೋ?" ಎಂದು ಗಂಟಲು ಹರಿಯುವಂತೆ ಕೂಗಿದರು. ಲಾರಿ ಗಕ್ಕನೆ ನಿಂತಿತು. ಬಸ್ಸಿನ ಕಡೆ ಕೈ ಬೀಸಿದರು. "ಬಾ, ಬಾ! ನಿಲ್ಲಿಸ್ಬೇಡ, ಕ್ಲಚ್ ಮುಟ್ಬೇಡ! ರೈಟ್, ರೈಟ್!"

ಬಸ್ಸು ನರಳುತ್ತ ಮೇಲೇರಿ ಮರೆಯಾಯಿತು. ಕಿಟಕಿಯಲ್ಲಿದ್ದವರು ಇದ್ಯಾವುದೋ ಹುಚ್ಚು ಮುದುಕ ಎಂಬಂತೆ ನೋಡಿದರು. ಆಮೇಲೆ ಡ್ರೈವರು ಕೆಳಗೆ ನೋಡಿಕೊಂಡರು. ಎರಡು ಕಾಲೂ ನೆಲದ ಮೇಲಿದ್ದವು. ಒಂದೇ ಆಗಿದ್ದರೆ ವಾದವಾದರೂ ಮಾಡಬಹುದಿತ್ತು. ಬೀಗರು ರಸ್ತೆಯಂಚು ಹಿಡಿದು, ತಿರುಗಿಯೂ ನೋಡದೆ ತುಳಿಯುತ್ತಲೇ ಹೋಗಿದ್ದರು.

ಡ್ರೈವರು ಸೈಕಲ್ಲು ತಳ್ಳಿಕೊಂಡು ನೆತ್ತಿ ಮುಟ್ಟಿದಾಗ ಬೀಗರು ಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದರು.

"ಕೂಗಿದ್ದು ಕೇಳಿಸ್ತು. ಬಸ್ಸಿಗೋಸ್ಕರ ಇಳಿದ್ರಿ."

"ಹೂಂ."

"ಆದ್ರೂ ಸೋತ್ರಿ."

"ಸೋತೆ." ಡ್ರೈವರು ಪಕ್ಕದಲ್ಲಿ ಕುಸಿದರು. ಅಳು ಬಂದೇಬಿಟ್ಟಿತು. "ಮಗಳನ್ನೂ ಬಸ್ಸೇ ನುಂಗ್ತು ಬೀಗರೇ, ಮೊಮ್ಮಗಳನ್ನೂ ಬಸ್ಸೇ ನುಂಗ್ತು. ಹಾಳಾಗಿ ಹೋಗ್ಲಿ ಈ ಬಸ್ಸು."

ಬೀಗರು ಎದ್ದು ಕೂತು, ಚೀಲದಿಂದ ಜಜ್ಜಿಹೋದ ಬನ್ನೊಂದನ್ನು ತೆಗೆದು ಕೊಟ್ಟರು. "ಷರತ್ತು ಅಂದ್ರೆ ಷರತ್ತು. ಮಗು ನಮ್ಮನೆಗೇ ಬರೋದು." ಬೆರಳಿಗಂಟಿದ ಕ್ರೀಮು ನೆಕ್ಕಿಕೊಂಡು, "ನೀವೂ ಬನ್ನಿ," ಎಂದರು.

"ಬೀಗರ ಮನೇಲಿ ರಜೆ ಪೂರ್ತಿ ಠಿಕಾಣಿ ಹೂಡೋಕೆ ನಂಗೇನು ಮಾನ ಮರ್ಯಾದೆ ಇಲ್ವಾ?"

"ಕೂರಿಸಿ ಬಡಿಸೋಕೆ ನಂಗೇನು ಹುಚ್ಚಾ? ಬ್ರೆಡ್ ವ್ಯಾನ್ ಓಡಿಸೋನು ಕೆಲಸ ಬಿಟ್ಟು ಹೋದ. ನಿಮ್ಮ ಮೊಮ್ಮಗಳು ಬೇಕರೀಲಿ ಒಂದು ಗಳಿಗೆ ನಿಲ್ಲಲ್ಲ, ದಿನವಿಡೀ ವ್ಯಾನಲ್ಲಿ ಮುಂದಿನ ಸೀಟೇ ಬೇಕು ಅಂತಾಳೆ."

ಡ್ರೈವರು ಬನ್ನು ಜಗಿಯುವುದನ್ನು ನಿಲ್ಲಿಸಿದರು.

"ಬ್ರೇಕ್ ಹೇಗಿದೆ?"

"ಪರವಾಗಿಲ್ಲ. ಎರಡು ಸಲ ಒತ್ತಿದ್ರೆ ಹಿಡಿಯುತ್ತೆ."

"ಎರಡು ಸಲಾನಾ?" ಡ್ರೈವರು ದಡಕ್ಕನೆ ಎದ್ದು ನಿಂತರು. "ನನ್ನ ಮೊಮ್ಮಗಳು ಪಕ್ಕದಲ್ಲಿ ಕೂರೋ ಗಾಡಿ ರೀ ಅದು! ಏಳಿ, ಏಳಿ ಮೇಲೆ. ಮಗೂನ ಕರ್ಕೊಂಡು ನಿಮ್ಮೂರಿಗೆ ಹೋದ ತಕ್ಷಣ ಆ ಬ್ರೇಕ್ ಬಿಚ್ಚಬೇಕು."