ಅಳತೆ ಹೇಳುವ ದನಿ

ದರ್ಜಿಯಮ್ಮನ ಶಿಸ್ತು ಬೀದಿಗೆಲ್ಲ ಗೊತ್ತು. ಮನೆಯ ಮುಂದಿನ ಕೋಣೆಯೇ ಅಂಗಡಿ. ಸಂಜೆ ಬಾಗಿಲು ಹಾಕುವ ಮುಂಚೆ ಚೂರು ಬಟ್ಟೆ, ನೂಲು, ಗುಂಡುಸೂಜಿ ಒಂದೂ ನೆಲದ ಮೇಲೆ ಉಳಿಯಕೂಡದು. ಗುಡಿಸಿದ ಕಸವನ್ನು ಆಗಲೇ ಹೊರಗೆ ಚೆಲ್ಲಿ ಬಂದರೇ ಅವಳಿಗೆ ಸಮಾಧಾನ. “ಸುಮ್ನೆ ಕೂತಿದ್ರೆ ನನ್ನನ್ನೂ ಗುಡಿಸಿ ಹಾಕ್ತೀಯ ಕಣೇ,” ಎಂದು ಗಂಡ ರೇಗಿಸುತ್ತಿದ್ದ.

ಕತ್ತರಿಸುವ ಮೇಜಿನ ಪಕ್ಕ ಒಂದು ಹಳೆಯ ಕಂಪ್ಯೂಟರ್. ಅದರಲ್ಲಿ ಮಗಳೇ ಕೂತು ಬರೆದ ಪುಟ್ಟ ಪ್ರೋಗ್ರಾಂ. ಗಿರಾಕಿಯ ಹೆಸರು ಒತ್ತಿದರೆ ಸಾಕು, ಮಗಳ ದನಿಯೇ ಓದಿ ಹೇಳುತ್ತಿತ್ತು: “ಅಮ್ಮಾ, ಸೊಂಟ ಮೂವತ್ತೆರಡು. ತೋಳು ಒಂಬತ್ತು. ಕತ್ತರಿ ಹುಷಾರು!” ಅಮ್ಮನ ಕಣ್ಣು ಮಂಜಾಗುತ್ತಿದೆಯೆಂದು ಮಾಡಿಕೊಟ್ಟಿದ್ದಳು. ಅವಳು ನಾಲ್ಕೇ ದಿನದ ಜ್ವರದಲ್ಲಿ ಹೋಗಿ ಎರಡು ವರ್ಷವಾಯಿತು. ದನಿ ಮಾತ್ರ ದಿನಾ ಅಳತೆ ಹೇಳುತ್ತಲೇ ಇತ್ತು. ಅದು ಶುರುವಾದರೆ ಸಾಕು, ಗಂಡ ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಇವರದ್ದೆಂಥ ಕಲ್ಲೆದೆಯಪ್ಪಾ ಎಂದು ದರ್ಜಿಯಮ್ಮ ಒಳಗೊಳಗೇ ಬೇಯುತ್ತಿದ್ದಳು.

ಒಂದು ದಿನ ಅವಳು ಇಂಟರ್‌ನೆಟ್ಟಿನಲ್ಲಿ ಫ್ರಾಕಿಗೆ ಕತ್ತಿನ ಮಾದರಿ ಹುಡುಕುತ್ತಿದ್ದಾಗ ಪರದೆಯ ಮೇಲೆ ಕೆಂಪು ಪೆಟ್ಟಿಗೆಯೊಂದು ಹಾರಿ ಬಂತು. ‘ಅಪಾಯ! ಅನುಮಾನದ ಪ್ರೋಗ್ರಾಂ ಎರಡು ಸಿಕ್ಕಿವೆ. ತೆಗೆಯಲೇ?’ ಈ ಶನಿ ಮಗಳ ದನಿಗೆ ಅಂಟಿಕೊಂಡರೆ ಏನು ಗತಿ! ದಡಬಡನೆ ‘ತೆಗೆ’ ಒತ್ತಿದಳು. ‘ಎರಡನ್ನೂ ಬೇರೆಡೆ ಕೂಡಿಹಾಕಿದೆ’ ಎಂದಿತು. ಅಲ್ಲಾ, ಕಸ ಗುಡಿಸಿ ಮೂಲೆಯಲ್ಲಿ ಇಟ್ಟುಕೊಳ್ಳುವ ಆಸಾಮಿಯೇ ಅವಳು? ಕೂಡಿಹಾಕಿದ ಜಾಗವನ್ನು ತೆರೆದು, ಯಾವುದೇನೆಂದು ಓದಿ ಕೂಡ ನೋಡದೆ, ಎಲ್ಲವನ್ನೂ ಅಳಿಸಿಬಿಟ್ಟಳು.

ಮರುದಿನ ಬೆಳಿಗ್ಗೆ ಗಿರಾಕಿಯ ಹೆಸರು ಒತ್ತಲು ಹೋದರೆ ಮಗಳ ಪ್ರೋಗ್ರಾಮೇ ಇಲ್ಲ.

ಕಂಪ್ಯೂಟರ್ ರಿಪೇರಿಯವನು ಬಂದು ಮಧ್ಯಾಹ್ನದವರೆಗೆ ಹೆಣಗಿದ. “ಅಮ್ಮಾ, ಮನೇಲಿ ಬರೆದ ಪ್ರೋಗ್ರಾಮಿಗೆ ಗುರುತು ಹೇಳೋರು ಯಾರೂ ಇರಲ್ಲ. ಆಂಟಿವೈರಸ್ ಅದನ್ನೂ ಕಳ್ಳ ಅಂದ್ಕೊಂಡಿದೆ. ಕೂಡಿಹಾಕಿದ್ದಲ್ಲೇ ಬಿಟ್ಟಿದ್ರೆ ಒಂದು ನಿಮಿಷದಲ್ಲಿ ವಾಪಸ್ ತರ್ತಿದ್ದೆ. ನೀವು ಅದನ್ನೂ ಖಾಲಿ ಮಾಡಿಬಿಟ್ರಿ. ಇನ್ನು ಸಿಗಲ್ಲಮ್ಮ.”

ನೆಗಡಿಯಾಯಿತೆಂದು ಮೂಗನ್ನೇ ಕೊಯ್ದುಕೊಂಡ ಹಾಗಾಯಿತು. ಮಗಳನ್ನು ಈ ಸಲ ತಾನೇ ಕೈಯಾರೆ ಕಳಿಸಿದೆನಲ್ಲ ಎಂದು ಅವಳು ಗೋಳೋ ಎಂದು ಅತ್ತಳು. ಸ್ವಲ್ಪ ಹೊತ್ತಿನ ಮೇಲೆ, “ಇನ್ನೊಂದು ಯಾವುದಪ್ಪಾ ಇತ್ತು?” ಎಂದು ಕೇಳಿದಳು.

“ಅದೇ ನಿಜವಾದ ಕಳ್ಳ. ದನಿ ಕಾಪಿ ಮಾಡೋ ಪ್ರೋಗ್ರಾಂ ಅಂತ ಹೆಸರು ಇಟ್ಕೊಂಡಿದೆ. ನಿನ್ನೆ ಬೆಳಿಗ್ಗೆ ಯಾರೋ ಪುಕ್ಕಟೆ ಸೈಟಿಂದ ಇಳಿಸಿದಾರೆ. ಅದು ಬಂದಿದ್ದಕ್ಕೇ ಆಂಟಿವೈರಸ್ ಎಲ್ಲಾನೂ ಜಾಲಾಡಿದ್ದು.”

ಗಂಡ ಬಾಗಿಲಲ್ಲಿ ನಿಂತಿದ್ದ.

“ನಾನೇ ಕಣೇ,” ಎಂದ. “ನೀನು ಸ್ನಾನಕ್ಕೆ ಹೋದಾಗ ದಿನಾ ಅವಳ ದನಿ ಹಾಕ್ಕೊಂಡು ಕೇಳ್ತಿದ್ದೆ. ನಿನ್ನೆದುರಿಗೆ ಅಳೋದು ಬೇಡ ಅಂತ ಎದ್ದು ಹೋಗ್ತಿದ್ದೆ. ಈ ಹಳೇ ಡಬ್ಬ ಕೆಟ್ಟುಹೋದ್ರೆ ಅವಳ ದನಿನೂ ಹೋಗುತ್ತಲ್ಲ ಅಂತ ಭಯ. ಒಂದು ಕಾಪಿ ಮಾಡಿಡೋಣ ಅಂತ…”

ಅವಳು ಎದ್ದು ಬಂದು ಅವನ ಎರಡೂ ತೋಳು ಹಿಡಿದುಕೊಂಡಳು. “ಮಾಡಿದ್ರಾ? ಮಾಡಿಟ್ಟಿದೀರಾ ರೀ?”

“ಇವತ್ತು ಮಾಡೋಣ ಅಂತಿದ್ದೆ.”