ಹುಮನಾಬಾದಿನಲ್ಲಿ ಪಾಸಾದ ಸಾಫ್ಟ್‌ವೇರುಗಳು

ಬಸವಕಲ್ಯಾಣದ ಧನರಾಜನಿಗೆ ಬೀಡಿ, ಗುಟ್ಕಾ, ಇಸ್ಪೀಟು ಯಾವುದರ ಚಟವೂ ಇರಲಿಲ್ಲ. ಇದ್ದದ್ದು ಪುಕ್ಕಟೆ ಸಾಫ್ಟ್‌ವೇರಿನ ಚಟ. ಕೋಟೆಗೆ ಹೋಗುವ ದಾರಿಯಲ್ಲಿ ಅವನದೊಂದು ಡಿ.ಟಿ.ಪಿ. ಅಂಗಡಿ. ಮದುವೆ ಕಾರ್ಡು, ತೊಟ್ಟಿಲ ಕಾರ್ಯಕ್ರಮದ ಕಾರ್ಡು, ಹುಟ್ಟುಹಬ್ಬದ ಬ್ಯಾನರು ಎಲ್ಲ ಅವನ ಕೈಯಿಂದಲೇ ಆಗಬೇಕು. ಕೈ ಒಳ್ಳೆಯದು, ಅಕ್ಷರ ಜೋಡಿಸಿದರೆ ಮುತ್ತು ಪೋಣಿಸಿದಂತೆ. ಆದರೆ ‘ನಿಮ್ಮ ಕಂಪ್ಯೂಟರ್ ನಿಧಾನವಾಗಿದೆಯೇ?’ ಎಂದು ಪರದೆಯ ಮೂಲೆಯಲ್ಲಿ ಯಾರೋ ಕೇಳಿದರೆ ಸಾಕು, ಮನೆಯವರು ಆರೋಗ್ಯ ವಿಚಾರಿಸಿದಷ್ಟು ಮನಸ್ಸು ಕರಗಿ, ಇಳಿಸಿಕೊಂಡುಬಿಡುತ್ತಿದ್ದ.

ಹಾಗೆ ಇಳಿಸಿಕೊಂಡ ಒಂದು ಸಾಫ್ಟ್‌ವೇರು ಅವನ ಕನ್ನಡ ಅಕ್ಷರಗಳ ಫಾಂಟುಗಳನ್ನೆಲ್ಲ ಕಸವೆಂದು ತಿಳಿದು ಗುಡಿಸಿ ಹಾಕಿತು. ಕೊಹಿನೂರದ ಮದುವೆಯೊಂದರ ಕಾರ್ಡಿನಲ್ಲಿ ವರನ ಹೆಸರಿದ್ದ ಜಾಗದಲ್ಲಿ ಸಾಲಾಗಿ ಚೌಕಗಳು ಕುಳಿತವು. ಅಂದು ಅವನೊಂದು ನೇಮ ಮಾಡಿಕೊಂಡ: ಇನ್ನು ಮುಂದೆ ಯಾವ ಹೊಸ ಸಾಫ್ಟ್‌ವೇರನ್ನೂ ಪರೀಕ್ಷೆ ಮಾಡದೆ ತನ್ನ ಕಂಪ್ಯೂಟರಿಗೆ ಹಾಕುವುದಿಲ್ಲ. ನೇಮವೇನೋ ಒಳ್ಳೆಯದೇ. ಪರೀಕ್ಷೆಯನ್ನು ಎಲ್ಲಿ ಮಾಡುವುದು ಎಂಬುದೊಂದೇ ಪ್ರಶ್ನೆ. ಅದಕ್ಕೂ ಅವನಿಗೆ ಉತ್ತರ ಸಿಕ್ಕಿತು. ಹುಮನಾಬಾದಿನಲ್ಲಿ ತಂಗಿ ಇದ್ದಳಲ್ಲ.

ತಂಗಿ ಪೂನಂ ಹುಮನಾಬಾದಿಗೆ ಮದುವೆಯಾಗಿ ಹೋಗಿ ಹದಿನೈದು ವರ್ಷವಾಗಿತ್ತು. ತಹಸೀಲ್ ಕಚೇರಿಯ ಎದುರು ಆನ್‌ಲೈನ್ ಸೆಂಟರ್ ನಡೆಸುತ್ತಿದ್ದಳು. ಪಹಣಿ, ಜಾತಿ ಪ್ರಮಾಣಪತ್ರ, ಬೆಳೆವಿಮೆಯ ಅರ್ಜಿ ಎಲ್ಲಕ್ಕೂ ಅವಳದೊಂದೇ ಲ್ಯಾಪ್‌ಟಾಪು. ಧನರಾಜ ಪ್ರತಿ ಭಾನುವಾರ ಬೆಳಗಿನ ಬಸ್ಸು ಹತ್ತಿ, ರಾಜೇಶ್ವರ ದಾಟಿ, ಹತ್ತರೊಳಗೆ ಅವಳ ಅಂಗಡಿಯಲ್ಲಿ ಕೂತಿರುತ್ತಿದ್ದ.

“ಸರ್ವಿಸ್ ಮಾಡಾಕ ಬಂದೇನವ್ವಾ,” ಎನ್ನುತ್ತಿದ್ದ. “ಮಷಿನ್ ಅಂದಮ್ಯಾಲ ವಾರಕ್ಕೊಮ್ಮೆ ಯಾರರ ನೋಡಬೇಕು.”

ಪೂನಂ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು ಏನೋ ಒತ್ತಿ, ಮತ್ತೆ ಅವನ ಕಡೆ ತಿರುಗಿಸಿ, “ಹಾಂ, ಈಗ ಮಾಡು ಅಣ್ಣಾ,” ಎನ್ನುತ್ತಿದ್ದಳು. ಪರದೆ ಖಾಲಿ, ಸಾಫ್. ಧನರಾಜ ಆ ವಾರ ಕಣ್ಣಿಟ್ಟಿದ್ದ ಸಾಫ್ಟ್‌ವೇರನ್ನು ಅದಕ್ಕೆ ಇಳಿಸಿ, ಮೊಬೈಲಿನ ಗಡಿಯಾರ ಹಿಡಿದು ಓಡಿಸಿ, ಆಮೇಲೆ ಪೂನಂ ಮಾಡಿಕೊಟ್ಟ ಮಂಡಕ್ಕಿ ಸುಸ್ಲಾ ತಿನ್ನುತ್ತ ಅದು ಏನಾದರೂ ಅನಾಹುತ ಮಾಡುತ್ತದೆಯೇ ಎಂದು ಕಾಯುತ್ತಿದ್ದ. ಎದ್ದು ಹೋಗುವಾಗ ಪೂನಂ, “ನೀ ಏಳು, ನಾ ಬಂದ್ ಮಾಡ್ತೀನಿ,” ಎನ್ನುತ್ತಿದ್ದಳು.

ಮುಂದಿನ ಭಾನುವಾರ ಬಂದಾಗ ಹಿಂದಿನ ವಾರದ್ದು ಇರುತ್ತಿರಲಿಲ್ಲ.

“ಏನಾತು ಅದು?”

“ತಗದೆ ಅಣ್ಣಾ. ಜಾಗ ಸಾಲಲಿಲ್ಲ.”

“ತಗೀಯೋದಂದ್ರ ಮ್ಯಾಲಿನ ಚಿತ್ರ ಅಳಸೋದಲ್ಲ ಪೂನಂ. ಬೇರಸಹಿತ ಕೀಳಬೇಕು. ಹೊಲದಾಗಿನ ಕರಕಿ ಹುಲ್ಲು ಇದ್ದಂಗ ಅದು, ಒಂದು ಎಳಿ ಉಳೀತು ಅಂದ್ರ ಮತ್ತ ಹಬ್ಬತದ.”

“ಹೌದು ಅಣ್ಣಾ,” ಎನ್ನುತ್ತಿದ್ದಳು ಪೂನಂ, ಪಹಣಿಯ ಮೇಲೆ ಕಣ್ಣಿಟ್ಟೇ.

ಏನೇ ಹಾಕಿದರೂ ತಂಗಿಯ ಲ್ಯಾಪ್‌ಟಾಪು ಮುಂದಿನ ವಾರ ಕುದುರೆಯಂತೆ ಓಡುತ್ತಿತ್ತು. ಅದನ್ನು ಕಂಡು ಧನರಾಜ ತೃಪ್ತಿಯಿಂದ ಒಂದು ನೋಟ್‌ಬುಕ್ಕಿನಲ್ಲಿ ಸಾಫ್ಟ್‌ವೇರಿನ ಹೆಸರು ಬರೆದು, ಮುಂದೆ ‘ಪಾಸ್’ ಎಂದು ಬರೆಯುತ್ತಿದ್ದ. ಪಾಸಾದದ್ದನ್ನು ಸೋಮವಾರ ಬೆಳಿಗ್ಗೆ ಧೈರ್ಯವಾಗಿ ತನ್ನ ಕಂಪ್ಯೂಟರಿಗೂ, ತನ್ನ ಲ್ಯಾಪ್‌ಟಾಪಿಗೂ ಹಾಕುತ್ತಿದ್ದ. ಎರಡು ವರ್ಷ ಹೀಗೇ ನಡೆಯಿತು. ಒಂದೂ ಫೇಲಾಗಲಿಲ್ಲ.

ಆದರೆ ಬಸವಕಲ್ಯಾಣದ ಕಂಪ್ಯೂಟರು ಏಕೋ ದಿನದಿನಕ್ಕೆ ಸೊರಗತೊಡಗಿತು. ಬೆಳಿಗ್ಗೆ ಒತ್ತಿದರೆ ಪೂಜೆ ಮುಗಿಸಿ ಬರುವಷ್ಟರಲ್ಲಿ ಏಳುತ್ತಿತ್ತು. ಆಮೇಲೆ ಪೂಜೆ ಮುಗಿದು ನಾಷ್ಟಾ ಆದರೂ ಏಳದಾಯಿತು. ಧನರಾಜ ತಪ್ಪನ್ನು ಕರೆಂಟಿನ ಮೇಲೆ ಹಾಕಿದ, ಧೂಳಿನ ಮೇಲೆ ಹಾಕಿದ, ಬಿಸಿಲಿನ ಮೇಲೆ ಹಾಕಿದ. ಸಾಫ್ಟ್‌ವೇರಿನ ಮೇಲೆ ಮಾತ್ರ ಅನುಮಾನ ಬರಲಿಲ್ಲ. ಅವೆಲ್ಲ ಹುಮನಾಬಾದಿನಲ್ಲಿ ಪಾಸಾಗಿದ್ದವು. ಮೊಮ್ಮಗನ ತೊಟ್ಟಿಲ ಕಾರ್ಡಿಗೆಂದು ಬಂದು ಬೆಂಚಿನ ಮೇಲೆ ಕೂತಿದ್ದ ಯಶೋದಾಬಾಯಿ ಒಂದು ದಿನ ಎದ್ದು ನಿಂತು, “ಧನರಾಜಣ್ಣಾ, ಹೆಸರಿಡಾಕ ಕಾರ್ಡ್ ಕೇಳಿದ್ದೆ. ನಿಂದು ಏಳೋತನಕ ನಮ್ಮ ಕೂಸು ಸಾಲಿಗಿ ಹೋಗತದ,” ಎಂದು ಹೇಳಿ ಹೊರಟೇಹೋದಳು.

ಇಂಥ ದಿನಗಳಲ್ಲೇ ಮುಜಾಫರ್ ಸಾಹೇಬರ ಫೋನು ಬಂತು. ಅವರು ಆ ಭಾಗದ ಆನ್‌ಲೈನ್ ಸೆಂಟರ್ ಮತ್ತು ಡಿ.ಟಿ.ಪಿ. ಅಂಗಡಿಗಳ ಸಂಘದ ಅಧ್ಯಕ್ಷರು. ಹುಮನಾಬಾದಿನಲ್ಲಿ ಸಭೆ ಇಟ್ಟುಕೊಂಡಿದ್ದರು.

“ಧನರಾಜ ಸಾಬ್, ಹುಡುಗರೆಲ್ಲ ಸಿಕ್ಕಿದ್ದು ಹಾಕಿ ಮಷಿನ್ ಬರಬಾದ್ ಮಾಡಾಕತ್ತಾರ. ಹೊಸಾ ಸಾಫ್ಟ್‌ವೇರ್ ಹ್ಯಾಂಗ ಪರೀಕ್ಷೆ ಮಾಡಬೇಕು, ಬ್ಯಾಡಾದ್ರ ಹ್ಯಾಂಗ ತಗೀಬೇಕು, ನೀವು ಒಂದು ತಾಸು ಹೇಳ್ರಿ. ನಿಮ್ಮಷ್ಟು ಅನುಭವ ಯಾರಿಗದ?”

ಅನುಭವದ ಮಾತು ಖರೆಯೇ ಇತ್ತು. ಧನರಾಜ ಒಪ್ಪಿಕೊಂಡ.

ಸಭೆ ಕಲ್ಯಾಣ ಮಂಟಪವೊಂದರ ಊಟದ ಹಾಲಿನಲ್ಲಿ. ಅರವತ್ತು ಜನ ಸೇರಿದ್ದರು. ಹುಲಸೂರದಿಂದ, ಮನ್ನಾಏಖೇಳ್ಳಿಯಿಂದ ಸಹ ಬಂದಿದ್ದರು. ಮೂರನೆಯ ಸಾಲಿನಲ್ಲಿ ಪೂನಂ ತನ್ನ ಲ್ಯಾಪ್‌ಟಾಪಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಧನರಾಜ ತನ್ನ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಜೋಡಿಸಿ, ಗುಂಡಿ ಒತ್ತಿ, ಮಾತು ಶುರುಮಾಡಿದ. ಸುರಕ್ಷತೆಯ ಮಹತ್ವ ಹೇಳಿದ. ದುಡುಕಿದರೆ ಆಗುವ ಅನಾಹುತ ಹೇಳಿದ. ಹೇಳುವುದೆಲ್ಲ ಮುಗಿದರೂ ಗೋಡೆಯ ಮೇಲೆ ನೀಲಿ ಚಕ್ರವೊಂದು ತಿರುಗುತ್ತಲೇ ಇತ್ತು. ಸಂಘದವರು ಚಹಾ ಹಂಚಿದರು. ಚಹಾದ ಕಪ್ಪುಗಳನ್ನು ಎತ್ತಿಕೊಂಡು ಹೋದ ಮೇಲೆ ಪರದೆ ತೆರೆಯಿತು.

ತೆರೆಯಿತು ಎನ್ನುವುದಕ್ಕಿಂತ ಒಡೆಯಿತು ಎನ್ನಬೇಕು. ಒಂದು ಮೂಲೆಯಿಂದ ‘ನಿಮ್ಮ ಕಂಪ್ಯೂಟರಿನಲ್ಲಿ ನಾಲ್ಕು ಸಾವಿರ ದೋಷಗಳಿವೆ’ ಎಂದು ಒಂದು ಕೂಗಿತು. ಇನ್ನೊಂದು ಅದನ್ನೇ ಅಪಾಯವೆಂದು ಸಾರಿ ಸೈರನ್ ಊದಿತು. ಮೂರನೆಯದು ಎರಡನ್ನೂ ತೆಗೆದುಹಾಕಲೇ ಎಂದು ಕೇಳಿತು. ಧನರಾಜ ಒಂದನ್ನು ಮುಚ್ಚಿದರೆ ಎರಡು ಎದ್ದವು. ಹಿಂದಿನ ಸಾಲಿನಲ್ಲಿ ಯಾರೋ, “ಜಗಳ ಹತ್ತ್ಯಾದಲ್ಲೋ!” ಎಂದರು. ಇಡೀ ಸಭೆಯೇ ನಕ್ಕಿತು.

ಧನರಾಜ ತಂತಿಯನ್ನು ಕಿತ್ತು, “ಪೂನಂ, ನಿನ್ನ ಲ್ಯಾಪ್‌ಟಾಪ್ ತಗೊಂಡು ಬಾ,” ಎಂದ.

ಪೂನಂ ವೇದಿಕೆಗೆ ಬಂದಳು. ಚೀಲದ ಝಿಪ್ಪು ಹಿಡಿದುಕೊಂಡು, “ಅಣ್ಣಾ, ಮೊದಲ ಒಂದು ಮಾತು ಹೇಳತೀನಿ,” ಎಂದು ಮೆಲ್ಲಗೆ ಅಂದಳು.

“ಮಾತು ಆಮ್ಯಾಲ. ಐತವಾರ ಹ್ಯಾಂಗ ಹಚ್ಚಿ ಕೊಡ್ತಿಯಲ್ಲ, ಹಂಗ ಹಚ್ಚಿ ಕೊಡು.”

ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡು ಒತ್ತುವುದನ್ನು ಒತ್ತಿ, ಪ್ರೊಜೆಕ್ಟರಿನ ತಂತಿ ಸಿಕ್ಕಿಸಿ, ತನ್ನ ಕುರ್ಚಿಗೆ ಹೋಗಿ ಕೂತಳು. ಗೋಡೆಯ ಮೇಲೆ ಖಾಲಿ, ಸಾಫ್ ಪರದೆ ಮೂಡಿತು.

ಧನರಾಜನಿಗೆ ಜೀವ ಬಂತು. ಎಲ್ಲರ ಕಣ್ಣೆದುರು ಒಂದು ಸಾಫ್ಟ್‌ವೇರ್ ಇಳಿಸಿದ, ಹಾಕಿದ, ಓಡಿಸಿದ. “ನೋಡ್ರಿ, ಮಷಿನ್ ಎಲ್ಲಾದರ ತಡೀತೇನು? ಇದಕ್ಕ ಪರೀಕ್ಷೆ ಅಂತಾರ.” ಜನ ತಲೆಯಾಡಿಸಿದರು. ಉತ್ಸಾಹದಲ್ಲಿ ಮೌಸು ಪರದೆಯ ನೆತ್ತಿಗೆ ಹೋಯಿತು. ಅಲ್ಲಿ ಅವನು ಎಂದೂ ಕಾಣದ ಒಂದು ಪಟ್ಟಿ ಇಳಿದು ಬಂತು, ತುದಿಯಲ್ಲಿ ಒಂದು ಗುಣಾಕಾರದ ಗುರುತು. ಅದೇನೆಂದು ನೋಡೋಣವೆಂದು ಒತ್ತಿದ. ಇದನ್ನು ಮುಚ್ಚಿದರೆ ಇದರೊಳಗಿನದೆಲ್ಲ ಶಾಶ್ವತವಾಗಿ ಹೋಗುತ್ತದೆ ಎಂದು ಪರದೆ ಇಂಗ್ಲಿಷಿನಲ್ಲಿ ಎಚ್ಚರಿಸಿತು. ಇಂಥ ಬರಹಗಳನ್ನು ಧನರಾಜ ಜನ್ಮದಲ್ಲಿ ಓದಿದವನಲ್ಲ. ಸರಿ ಎಂದು ಒತ್ತಿದ.

ಆ ಪರದೆಯೇ ಮಾಯವಾಯಿತು. ಅದರ ಹಿಂದಿನಿಂದ ಇನ್ನೊಂದು ಪರದೆ ಬಂತು. ಅದರ ಮೇಲೆ ಪೂನಂಳ ಮಕ್ಕಳ ಫೋಟೊ ಇತ್ತು. ಪಹಣಿ, ಬೆಳೆವಿಮೆ, ಪಿಂಚಣಿ ಎಂದು ಹೆಸರು ಬರೆದ ಕಡತಗಳು ಓರಣವಾಗಿ ಕೂತಿದ್ದವು. ಈಗಷ್ಟೇ ಹಾಕಿದ ಸಾಫ್ಟ್‌ವೇರು ಎಲ್ಲೂ ಇರಲಿಲ್ಲ. ಎರಡು ವರ್ಷದಿಂದ ವಾರವಾರವೂ ಮುಟ್ಟಿದ ಲ್ಯಾಪ್‌ಟಾಪನ್ನು ಧನರಾಜ ಮೊದಲ ಸಲ ನೋಡುತ್ತಿದ್ದ.

ಮುಜಾಫರ್ ಸಾಹೇಬರು ಮುಂದೆ ಬಾಗಿ ಕೇಳಿದರು: “ಎಲ್ಲಿ ಹೋಯ್ತ್ರೀ ಅದು?”

ಧನರಾಜ ಪೂನಂಳ ಕಡೆ ನೋಡಿದ. ಅವಳು ತಲೆ ತಗ್ಗಿಸಿ ಸೆರಗಿನ ತುದಿ ಸುತ್ತುತ್ತಿದ್ದಳು. ಅವನಿಗೆ ಎಲ್ಲವೂ ಒಟ್ಟಿಗೇ ತಿಳಿಯಿತು. ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಆದರೆ ಬಾಯಿಗೆ ಅಭ್ಯಾಸ ಬಲ. ಅದು ತಾನಾಗಿ ಹೇಳಿತು: “ಇದಾ ನೋಡ್ರಿ ಇವತ್ತಿನ ಮುಖ್ಯ ವಿಷಯ. ಇದನ್ನ ನಮ್ಮ ತಂಗಿ ಬಿಡಿಸಿ ಹೇಳ್ತಾಳ.”

ಪೂನಂ ಎದ್ದು ಬಂದು, ಗಿರಾಕಿಗೆ ಅರ್ಜಿ ತಿಳಿಸುವ ಧಾಟಿಯಲ್ಲೇ ಹೇಳಿದಳು. “ಇದಕ್ಕ ಸ್ಯಾಂಡ್‌ಬಾಕ್ಸ್ ಅಂತಾರ್ರಿ. ಕಂಪ್ಯೂಟರ್ ಒಳಗಾ ಇನ್ನೊಂದು ಸುಳ್ಳ ಕಂಪ್ಯೂಟರ್. ಅದರಾಗ ಏನ್ ಬೇಕಾದ್ದು ಹಾಕ್ರಿ, ಬಂದ್ ಮಾಡಿದ್ರ ಎಲ್ಲಾ ಹೋಗತದ, ಖರೇ ಕಂಪ್ಯೂಟರ್‌ಗಿ ಗೊತ್ತಾ ಆಗಂಗಿಲ್ಲ. ಆದ್ರ ಅದರಾಗ ಒಂದು ತಾಸು ಚಂದ ನಡೀತು ಅಂದ್ರ ನಾಳೆ ನಿಮ್ಮ ಮಷಿನ್‌ನಾಗೂ ಚಂದ ನಡೀತದ ಅಂತ ಅಲ್ರಿ.” ಅಲ್ಲಿಗೆ ನಿಲ್ಲಲಿಲ್ಲ. ಖರೇ ಕಂಪ್ಯೂಟರಿಗೆ ಹಾಕುವ ಮೊದಲು ಇದ್ದ ಸ್ಥಿತಿಯನ್ನು ಉಳಿಸಿಟ್ಟುಕೊಳ್ಳಿ, ಆಗ ಕೆಟ್ಟರೆ ಹಿಂದಕ್ಕೆ ಬರಬಹುದು ಎಂದಳು. ಒಂದು ಸಲಕ್ಕೆ ಒಂದೇ ಹಾಕಿ, ಕೆಲವು ದಿನ ನೋಡಿ ಎಂದಳು. ಗುಂಡಿ ಒತ್ತಿದ ಕೂಡಲೇ ಸಾಫ್ಟ್‌ವೇರುಗಳಲ್ಲಿ ಯಾರ್ಯಾರು ತಾವಾಗಿ ಏಳುತ್ತಾರೆ ಎಂಬ ಪಟ್ಟಿ ತೋರಿಸಿ, ಬೇಡದವರನ್ನು ಅಲ್ಲೇ ಮಲಗಿಸುವುದನ್ನು ಮಾಡಿ ತೋರಿಸಿದಳು.

ಚಪ್ಪಾಳೆ ಬಿತ್ತು. ಮುಜಾಫರ್ ಸಾಹೇಬರು ಕಣ್ಣರಳಿಸಿ, “ವಾಹ್ ಧನರಾಜ ಸಾಬ್! ಮೊದಲ ಖರಾಬ್ ಮಷಿನ್ ತೋರಿಸಿ, ಆಮ್ಯಾಲ ಛಲೋ ಮಷಿನ್ ತೋರಿಸಿದ್ರಿ. ತಂಗಿಗೂ ಎಷ್ಟ ಚಂದ ಕಲಿಸೀರಿ!” ಎಂದು ಶಾಲು ಹೊದಿಸಿದರು. ಪೂನಂಳಿಗೆ ಒಂದು ಗುಲಾಬಿ ಕೊಟ್ಟರು. ಹೊರಗೆ ಮೇ ತಿಂಗಳ ಬಿಸಿಲು. ಶಾಲಿನೊಳಗೆ ಧನರಾಜ ಬೆವರಿ ತೊಪ್ಪೆಯಾದ.

ಸಭೆ ಮುಗಿದ ಮೇಲೆ ಇಬ್ಬರೂ ಅವಳ ಅಂಗಡಿಗೆ ಬಂದು ಕೂತರು.

“ಯಾವಾಗಿಂದ?” ಎಂದ ಧನರಾಜ.

“ಎರಡು ವರ್ಷ ಆತು. ಮೊದಲನೇ ಸಲ ನೀ ಏನೋ ಹಾಕಿ ಹೋದಿ. ಆರು ದಿನ ಅರ್ಜಿ ತೆರೀಲಿಲ್ಲ. ಬಾಗಿಲ ಮುಂದ ಜನ ನಿಂತು ಬೈದು ಹೋದ್ರು. ಆವಾಗ ಇದನ್ನ ಕಲತೆ.”

“ನನಗ ಹೇಳಬೇಕಿಲ್ಲ?”

“ಮೂರು ಸಲ ಹೇಳಾಕ ಬಂದೆ. ‘ಸರ್ವಿಸ್ ಮಾಡೋನು ನಾನೋ ನೀನೋ’ ಅಂದಿ.”

ಧನರಾಜ ಶಾಲನ್ನು ಮಡಿಚಿದ, ಬಿಚ್ಚಿದ, ಮತ್ತೆ ಮಡಿಚಿದ. “ನಾ ಸರ್ವಿಸ್ ಮಾಡಾಕ ಬರತಿದ್ದಿಲ್ಲ ಪೂನಂ. ನಂದು ಕೆಡಬಾರದಂತ ನಿಂದರಾಗ ಹಾಕಿ ನೋಡತಿದ್ದೆ.”

“ಗೊತ್ತದ.”

“ಗೊತ್ತಿದ್ದೂ ನನ್ನ ಕೂಡಸ್ತಿದ್ದಿ?”

ಪೂನಂ ಗುಲಾಬಿಯನ್ನು ನೀರಿನ ಲೋಟದಲ್ಲಿ ಇಟ್ಟಳು. “ಬ್ಯಾಡ ಅಂದಿದ್ರ ನೀ ಐತವಾರ ಬರೋದಾ ಬಿಡತಿದ್ದಿ. ಅದಕ್ಕಿಂತ ಮೊದಲ ಹಬ್ಬಕ್ಕೊಮ್ಮೆ ಬಂದರ ಬಂದಿ, ಇಲ್ಲಾಂದ್ರ ಇಲ್ಲ. ಹೋಗಲಿ ಬಿಡು, ನನ್ನ ಮಷಿನ್‌ಗೇನೂ ಆಗಿಲ್ಲ. ಆದ್ರ ನಿಂದ್ಯಾಕ ಹಂಗ ಆಗ್ಯಾದ?”

ಧನರಾಜ ಚೀಲದಿಂದ ನೋಟ್‌ಬುಕ್ಕು ತೆಗೆದು ಅವಳ ಮುಂದಿಟ್ಟ. ಪೂನಂ ಪುಟ ತಿರುವಿದಳು. ಪಾಸ್, ಪಾಸ್, ಪಾಸ್.

“ಇವೆಲ್ಲ...” ಎಂದಳು.

“ಹಾಕೀನಿ. ಎರಡರಾಗೂ. ನೂರಾ ಎರಡು.”

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಮೊದಲು ಅಳುತ್ತಾಳೇನೋ ಅನ್ನಿಸಿತು. ಆಮೇಲೆ ಭುಜ ಕುಣಿಯುವುದು ಕಂಡಿತು. ಧನರಾಜ ಸ್ವಲ್ಪ ಹೊತ್ತು ಸಿಟ್ಟಿನಿಂದ ಕೂತು ನೋಡಿದ. ಕೊನೆಗೆ ಅವನಿಗೂ ನಗು ತಡೆಯಲಾಗಲಿಲ್ಲ.

ಮರುದಿನವೇ ಪೂನಂ ಬಸವಕಲ್ಯಾಣಕ್ಕೆ ಬಂದಳು. ಮೊದಲು ಅವನ ಕಾರ್ಡು, ಬ್ಯಾನರುಗಳನ್ನೆಲ್ಲ ಬೇರೆ ಡಿಸ್ಕಿಗೆ ತೆಗೆದಿಟ್ಟಳು. ಆಮೇಲೆ ಒಂದೊಂದನ್ನೇ ಕೀಳತೊಡಗಿದಳು. ಕೆಲವು, ಹೋಗಲೇಬೇಕೇ ಎಂದು ಕೇಳಿದವು. ಕೆಲವು ಹೋಗುವ ಮುನ್ನ ಕಾರಣ ಬರೆದುಕೊಡಿ ಎಂದವು. ಹನ್ನೆರಡು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪೂನಂ ಬೆರಳು ಕೊಡವಿಕೊಂಡು, “ಕರಕಿ ಭಾಳ ಹಬ್ಬ್ಯಾದ ಅಣ್ಣಾ. ಹೊಲಾನ ಹೊಸದಾಗಿ ಹರಗಬೇಕು,” ಎಂದಳು. ಎಲ್ಲ ಅಳಿಸಿ, ಬೇಕಾದಷ್ಟನ್ನೇ ಮೊದಲಿನಿಂದ ಹಾಕಿದರು. ಗುಂಡಿ ಒತ್ತಿದ ಧನರಾಜ ಅಭ್ಯಾಸದಂತೆ ಪೂಜೆಗೆಂದು ಎದ್ದ. ತಿರುಗಿ ನೋಡಿದರೆ ಕಂಪ್ಯೂಟರು ಆಗಲೇ ಎದ್ದು ಕೂತಿತ್ತು.

ಭಾಲ್ಕಿಯಿಂದಲೂ ಭಾಷಣಕ್ಕೆ ಕರೆ ಬಂತು. ಧನರಾಜ, ತಂಗಿಯನ್ನು ಕರೆಯಿರಿ ಎಂದ. ಗುರು ಅಂದರೆ ಹೀಗಿರಬೇಕು ಎಂದು ಮುಜಾಫರ್ ಸಾಹೇಬರು ಇನ್ನಷ್ಟು ಹೊಗಳಿದರು. ಅವನು ಎಷ್ಟು ನಿಜ ಹೇಳಿದರೂ ಅದು ಅವನ ದೊಡ್ಡತನವಾಗಿಯೇ ಕೇಳಿಸಿತು.

ಮುಂದಿನ ಭಾನುವಾರ ಅವನು ಹುಮನಾಬಾದಿಗೆ ಹೋದ. ಹಾಕಲು ಏನೂ ಇರಲಿಲ್ಲ. ಸುಮ್ಮನೆ ಕೂತವನ ಮುಂದೆ ಪೂನಂ ಲ್ಯಾಪ್‌ಟಾಪು ಸರಿಸಿ, “ಇವರದೊಂದು ಪಿಂಚಣಿ ಅರ್ಜಿ ತುಂಬು,” ಎಂದಳು. ಮನ್ನಾಏಖೇಳ್ಳಿಯಿಂದ ಬಂದಿದ್ದ ಮುದುಕರೊಬ್ಬರು ಎದುರು ಕೂತರು. ಹೆಸರು, ಊರು, ಆಧಾರ್ ಎಲ್ಲ ತುಂಬಿಯಾಯಿತು. ಕೊನೆಯಲ್ಲಿ ಉದ್ದನೆಯ ಷರತ್ತುಗಳು, ಅದರ ಕೆಳಗೆ ‘ಒಪ್ಪಿದ್ದೇನೆ’ ಎಂಬ ಚೌಕ. ಧನರಾಜ ಕನ್ನಡಕ ಏರಿಸಿಕೊಂಡು ಮೊದಲನೆಯ ಸಾಲಿನಿಂದ ಓದತೊಡಗಿದ.

“ಒತ್ತಿಬಿಡ್ರಿ ಸಾಹೇಬ್ರ, ಬಸ್ಸಿಗಿ ಹೊತ್ತಾಗ್ಯಾದ,” ಎಂದರು ಮುದುಕರು.

“ತಡೀರಿ ಕಾಕಾ, ಇನ್ನಾ ಎರಡನೇ ಸಾಲಿನಾಗ ಅದೀನಿ.”