ಪುನರ್ಪುಳಿ ಮತ್ತು ಒಂದು ಕೋಟಿ ಬೋಳುತಲೆ

"ಒಂದೇ ವಾರದಲ್ಲಿ ಒಂದು ಕೋಟಿ ಕ್ರಿಮಿಗಳ ತಲೆ ಬೋಳಿಸಿದವ ನಾನು. ಕತ್ತಿ ಇಲ್ಲ, ಸೋಪು ಇಲ್ಲ!"

ಮಧ್ಯಾಹ್ನದ ಗಿರಾಕಿಗಳು ಕರಗಿದ್ದರು. ಡೊಂಬಿವಲಿ ಸ್ಟೇಷನ್ ಪಕ್ಕದ ನನ್ನ ಹೋಟೆಲಿನಲ್ಲಿ ದೋಸೆ ಹೊಯ್ಯುವ ಲತೀಶ್, ಹಲ್ಲುನೋವಿಗೆ ಬಾತ ಕೆನ್ನೆ ಹಿಡಿದುಕೊಂಡೇ ನಕ್ಕ.

"ಎಣಿಸಿದ್ದು ಯಾರು ಮುಂಡಪ್ಪಣ್ಣ?"

"ನಾನೇ. ಮತ್ಯಾರು?"

ಎಲ್ಲ ಶುರುವಾದದ್ದು ನನ್ನ ಗಲ್ಲಾದಲ್ಲಿ. ಸೋಂಪಿನ ಬಟ್ಟಲಿನ ಪಕ್ಕ ಒಂದು ಡಬ್ಬಿ, ಅದರ ತುಂಬ ಯಾರ್ಯಾರೋ ಅರ್ಧ ತಿಂದು ಉಳಿಸಿದ ಆಂಟಿಬಯಾಟಿಕ್ ಮಾತ್ರೆಗಳು. ಯಾರಿಗೆ ಜ್ವರ ಬಂದರೂ ಎರಡು ಕೊಡುವುದು, ನನಗೆ ಬಂದರೂ ಎರಡೇ ನುಂಗುವುದು. ಜ್ವರ ಬಿಟ್ಟ ಕೂಡಲೇ ಮಾತ್ರೆಯೂ ಬಂದ್. ಇಡೀ ಠಾಣೆ ಜಿಲ್ಲೆಯಲ್ಲಿ ನನ್ನಷ್ಟು ಜೀವ ಉಳಿಸಿದ ಡಾಕ್ಟರಿಲ್ಲ. ಆದರೆ ಈ ಸಲ ನನಗೇ ಉರಿಮೂತ್ರ, ಚಳಿಜ್ವರ. ಡಬ್ಬಿಗೂ ಬಗ್ಗಲಿಲ್ಲ, ಡಾಕ್ಟರು ಬರೆದ ಮೊದಲ ಮಾತ್ರೆಗೂ ಬಗ್ಗಲಿಲ್ಲ.

ಕಲ್ಯಾಣದ ಲ್ಯಾಬಿನಲ್ಲಿ ಕೆಲಸಕ್ಕಿರುವ ತಂಗಿಯ ಮಗಳು ಅಶ್ಮಿತಾ ರಿಪೋರ್ಟು ಹಿಡಿದು ಬಂದಳು. "ಮಾಮಾ, ನಿಮ್ಮ ಮೂತ್ರದಲ್ಲಿರೋ ಈ ಕ್ರಿಮಿಗಳಿಗೆ ಮೈಮೇಲೆ ಕೂದಲಿನಂಥ ಎಳೆ. ಅದರಿಂದ್ಲೇ ಮೂತ್ರಕೋಶದ ಗೋಡೆ ಹಿಡ್ಕೊಳ್ಳೋದು. ಹುಳಿ, ಉಪ್ಪು, ಸಕ್ಕರೆ ಹೆಚ್ಚುಕಡಿಮೆ ಆದ್ರೆ ಎಳೆ ಬೆಳೆಯೋದೂ ಬದಲಾಗ್ತದೆ. ಅರ್ಧಂಬರ್ಧ ಔಷಧಿ ತಾಗಿದ್ರೆ ಕೆಲವು ಇನ್ನೂ ಗಟ್ಟಿ ಹಿಡೀತಾವೆ. ನಿಮ್ಮ ಡಬ್ಬಿ ಇವಕ್ಕೆ ಅಭ್ಯಾಸ ಆಗಿಬಿಟ್ಟಿದೆ."

"ಕಲ್ಲಿಗೆ ಹಿಡಿದ ದೋಸೆ!" ಎಂದೆ. "ಹುಳಿ ಬಿದ್ದರೆ ಏಳ್ತದೆ ಅಂತಾಯ್ತು. ಊರಿನ ಪುನರ್ಪುಳಿ ಹಣ್ಣಿನ ಶರಬತ್ತು ಕುಡಿತೇನೆ."

"ಲ್ಯಾಬಿನ ತಟ್ಟೆಯಲ್ಲಿ ಆಗೋದೆಲ್ಲ ಹೊಟ್ಟೆಯಲ್ಲಿ ಆಗಲ್ಲ. ಇವು ಬಗ್ಗೋ ಮಾತ್ರೆ ಅಂತ ಇನ್ನು ಒಂದೇ ಜಾತಿ ಉಳಿದಿದೆ. ಅದೂ ಸೋತ್ರೆ ಅಡ್ಮಿಟ್ ಆಗಬೇಕು. ಕಿಡ್ನಿಗೆ ಹೋದ್ರೆ ಮಜಾಕ್ ನಹೀ ಹೈ, ಮಾಮಾ."

ಇವತ್ತು ಬೆಳಿಗ್ಗೆ ಅವಳದೇ ಫೋನು: ಈ ಸಲದ ಮೂತ್ರಪರೀಕ್ಷೆಯ ತಟ್ಟೆಯಲ್ಲಿ ಒಂದು ಕ್ರಿಮಿಯೂ ಬೆಳೆದಿಲ್ಲ. ಎದೆಯ ಮೇಲಿಂದ ಅಕ್ಕಿಮೂಟೆ ಇಳಿದ ಹಾಗಾಯಿತು. ಆ ಹಗುರದಲ್ಲೇ ಲತೀಶನಿಗೆ ಬಿಟ್ಟೆ: "ಆ ಮಾತ್ರೆ ಮುಟ್ಟಲೇ ಇಲ್ಲ ಮಾರಾಯ. ಕೊಡಗಟ್ಟಲೆ ಪುನರ್ಪುಳಿ! ಕ್ರಿಮಿಗಳೆಲ್ಲ ಬೋಳಾಗಿ ಜಾರಿಹೋದವು."

"ಹೌದಾ!" ಲತೀಶ್ ಜೇಬಿನಿಂದ ಹಲ್ಲಿನ ಡಾಕ್ಟರು ಕೊಟ್ಟ ಸ್ಟ್ರಿಪ್ ತೆಗೆದು ನನ್ನ ಡಬ್ಬಿಗೆ ಹಾಕಿದ. ಅರ್ಧಕ್ಕರ್ಧ ಉಳಿದಿತ್ತು. "ಬಾವು ಇಳೀತಾ ಬಂತು. ಇನ್ನು ನನಗೂ ಪುನರ್ಪುಳಿಯೇ ಸಾಕು."



ಒಳಗೆ ತೆಂಗಿನಕಾಯಿ ತುರಿಯುತ್ತಿದ್ದ ನನ್ನ ಹೆಂಡತಿ ಅಕ್ಕುವಿನ ಕೈ ನಿಂತಿತು. "ಹೇಳಿ ಅವನಿಗೆ! ಮೊಬೈಲಲ್ಲಿ ಅಲಾರಂ ಇಟ್ಟು, ದೇವರ ಪಟದ ಎದುರು ಕೈಮುಗಿದು ಮಾತ್ರೆ ನುಂಗಿದ್ದು ಯಾರು? ನಾನು ಮಾಡಿಟ್ಟ ಪುನರ್ಪುಳಿ ಕುಡಿದದ್ದು ನಮ್ಮ ಮೋರಿ."

ಲತೀಶ್ ನನ್ನ ಮುಖ ನೋಡಿದ. "ಮುಂಡಪ್ಪಣ್ಣ?"

ಡಬ್ಬಿಯಿಂದ ಅವನ ಸ್ಟ್ರಿಪ್ ಹೆಕ್ಕಿ ಅವನ ಮುಂದಿಟ್ಟೆ.

"ಒಂದು ಮಾತ್ರೆಯನ್ನೂ ಬಿಟ್ಟಿಲ್ಲ ಮಾರಾಯ," ಎಂದೆ. "ಹೆದರಿಕೆಯಾಗಿತ್ತು."

ಅವನು ನುಂಗುವ ತನಕ ನೀರಿನ ಲೋಟ ಹಿಡಿದುಕೊಂಡು ನಿಂತೇ ಇದ್ದೆ.